ತಪಸ್ಸುಕಾಲ, ಅಡಿಕೆ ಸುಲಿತ, ಏಳು ಗಂಟೆಯ ಧಾರಾವಾಹಿ: ಮಲೆನಾಡಿನ ಒಂದು ಧರ್ಮಕೇಂದ್ರದ ಪ್ರಕರಣ ಅಧ್ಯಯನ

ತೀರ್ಥಹಳ್ಳಿಗೂ ಹೊಸನಗರಕ್ಕೂ ನಡುವೆ, ತೋಟ ಮತ್ತು ಕಾಡಿನ ಮಧ್ಯೆ ಚದುರಿದ ಮನೆಗಳ ಒಂದು ಕಥೋಲಿಕ ಧರ್ಮಕೇಂದ್ರ (ಪ್ಯಾರಿಶ್). 2024ರ ತಪಸ್ಸುಕಾಲದಲ್ಲಿ, ಅಂದರೆ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಉಪವಾಸ, ಪ್ರಾರ್ಥನೆಯ ಕಾಲದಲ್ಲಿ, ಅಲ್ಲಿ ಮನೆಮನೆಯ ಟಿ.ವಿ. ಬಂದ್ ಮಾಡುವ ತೀರ್ಮಾನವಾಯಿತು. ಮೂರನೇ ವಾರಕ್ಕೆ ಅದು ಕುಸಿಯಿತು. 2025ರಲ್ಲಿ ಬೇರೆ ಕ್ರಮ ತಂದರು. ಅದರಲ್ಲಿ ಕೆಲವಷ್ಟು ಉಳಿದಿದೆ, ಕೆಲವಷ್ಟು ಇನ್ನೂ ಒದ್ದಾಡುತ್ತಿದೆ. ಊರಿನ ಹೆಸರು, ಜನರ ಹೆಸರು ಇಲ್ಲಿ ಬಿಟ್ಟಿದ್ದೇವೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಟಿ.ವಿ. ಆರಿಸುವುದು ಸುಲಭ. ನೋಡಿದ್ದನ್ನು ಮನೆಮಂದಿಯ ಎದುರು ಬಾಯಿಬಿಟ್ಟು ಮಾತಾಡಿ, ಇದು ನಮ್ಮ ವಿಶ್ವಾಸಕ್ಕೆ ಹೊಂದುತ್ತದೆ, ಇದು ಹೊಂದುವುದಿಲ್ಲ ಎಂದು ತೂಗುವುದು ಕಷ್ಟ. ಧರ್ಮಸಭೆ ನಮ್ಮಿಂದ ಕೇಳಿರುವುದು ಆ ಕಷ್ಟದ ಕೆಲಸವನ್ನು.

ಊರು, ಮನೆ, ಪರದೆ

1988ರಲ್ಲಿ ರೂಪುಗೊಂಡ ಶಿವಮೊಗ್ಗ ಧರ್ಮಪ್ರಾಂತ್ಯದ (ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ) ಬಹುಪಾಲು ಹಳ್ಳಿ ಧರ್ಮಕೇಂದ್ರಗಳ ಹಾಗೆ ಇಲ್ಲೂ ಮನೆಮಾತು ಒಂದಲ್ಲ. ಘಟ್ಟದ ಕೆಳಗಿನಿಂದ ತಲೆಮಾರುಗಳ ಹಿಂದೆ ಹತ್ತಿ ಬಂದ ಕೊಂಕಣಿ ಮನೆಗಳಿವೆ, ತೋಟದ ಕೆಲಸಕ್ಕೆ ಬಂದು ನೆಲೆನಿಂತ ತಮಿಳು ಮನೆಗಳಿವೆ, ಶುಂಠಿ ಮತ್ತು ರಬ್ಬರು ಬೆಳೆಯಲು ಬಂದ ಮಲಯಾಳಿ ಮನೆಗಳಿವೆ. ಕೇರಳ ಮೂಲದ ಕಥೋಲಿಕರ ಸಿರೋ ಮಲಬಾರ್ ಸಭೆಗೆ 2007ರಲ್ಲಿ ಭದ್ರಾವತಿಯಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯವೇ ಆಗಿದ್ದರೂ ದೂರದ ಕೆಲವು ಮನೆಯವರು ಹತ್ತಿರದ ಈ ಗುಡಿಗೇ (ಚರ್ಚಿಗೇ) ಬರುತ್ತಾರೆ. ಬಲಿಪೂಜೆ (ಮಾಸ್) ಕನ್ನಡದಲ್ಲಿ. ಸಂಜೆ ಎಲ್ಲರ ಮನೆಯಲ್ಲೂ ಓಡುವುದು ಬಹುಮಟ್ಟಿಗೆ ಅವೇ ಎರಡು ಮೂರು ಕನ್ನಡ ಚಾನೆಲ್‌ಗಳು. ಎಂಬತ್ತು ಚಿಲ್ಲರೆ ಮನೆಗಳನ್ನು ಐದು ವಾಳೆಗಳಾಗಿ (ವಾರ್ಡುಗಳಾಗಿ) ವಿಂಗಡಿಸಿದ್ದಾರೆ, ಪ್ರತಿ ವಾಳೆಗೊಬ್ಬ ಮುಖಂಡ, ಗುರ್ಕಾರರು, ಇದ್ದಾರೆ.

ಇಲ್ಲಿನ ಹಿರಿಯರಿಗೆ ಟಿ.ವಿ. ಎಂದರೆ ಊರೆಲ್ಲ ಒಂದೇ ಮನೆಯಲ್ಲಿ ಕೂತು ನೋಡಿದ ನೆನಪು. ಶಂಕರ್ ನಾಗ್ ಮಾಲ್ಗುಡಿ ಡೇಸ್ ಚಿತ್ರೀಕರಿಸಿದ ಆಗುಂಬೆ ಇಲ್ಲಿಂದ ಬಹಳ ದೂರವೇನಲ್ಲ. 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ದೂರದರ್ಶನ ಭಾನುವಾರ ಬೆಳಿಗ್ಗೆ 9:30ಕ್ಕೆ ರಾಮಾಯಣ ಬಿತ್ತರಿಸಿತು. ಅದು ಸರಿಯಾಗಿ ಪೂಜೆಯ ಹೊತ್ತು. ಆಗಿನ ಫಾದರ್ ಪ್ರಬೋಧನೆಯಲ್ಲಿ ಯಾರನ್ನೂ ಬೈಯಲಿಲ್ಲ. ಪೂಜೆಯನ್ನು ಏಳೂವರೆಗೆ ಎಳೆದರು, ಅಷ್ಟೆ. ಅಂದು ಎಳೆದ ಹೊತ್ತು ಇಂದಿಗೂ ಏಳೂವರೆಯೇ. ಈ ಪ್ರಸಂಗವನ್ನು 2024ರಲ್ಲಿ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಯಾರಾದರೂ ಎತ್ತಿ ಹೇಳಿದ್ದರೆ ಮುಂದಿನ ಕೆಲವು ಎಡವಟ್ಟು ತಪ್ಪುತ್ತಿತ್ತು.

2024: ಪ್ರತಿಜ್ಞಾಪತ್ರ

ಆ ವರ್ಷ ತಪಸ್ಸುಕಾಲದ ಮೊದಲ ದಿನವಾದ ವಿಭೂತಿ ಬುಧವಾರ ಫೆಬ್ರವರಿ 14ಕ್ಕೆ ಬಿತ್ತು. ಪ್ರೇಮಿಗಳ ದಿನವೂ ಅದೇ ದಿನವಾದ್ದರಿಂದ, ಲೋಕದ ಗದ್ದಲಕ್ಕೆ ಎದುರಾಗಿ ಏನಾದರೂ ಮಾಡಬೇಕು ಎಂಬ ಹುರುಪು ಸಮಿತಿಯಲ್ಲಿತ್ತು. ಅಚ್ಚು ಹಾಕಿಸಿದ ಒಂದು ಚೀಟಿ ಮನೆಮನೆಗೆ ಹೋಯಿತು. ನಲವತ್ತು ದಿನ ಟಿ.ವಿ. ನೋಡುವುದಿಲ್ಲವೆಂದು ದೇವರ ಮುಂದೆ ಹರಕೆ ಹೊರುತ್ತೇವೆ, ಉಳಿದ ಕೇಬಲ್ ಹಣವನ್ನು ತಪಸ್ಸುಕಾಲದ ದಾನದ ಡಬ್ಬಿಗೆ ಹಾಕುತ್ತೇವೆ ಎಂದು ಅದರಲ್ಲಿತ್ತು. ಕೆಳಗೆ ಮನೆಯ ಯಜಮಾನರ ಸಹಿ. ವಾರ್ತೆಗೆ ವಿನಾಯಿತಿ.

ಹೀಗೆ ಸಹಿ ಮಾಡಿಸುವ ಪದ್ಧತಿಗೆ ಒಂದು ಪೂರ್ವಕಥೆಯಿದೆ. 1930ರ ದಶಕದಲ್ಲಿ ಅಮೆರಿಕದ ಕಥೋಲಿಕರು ಲೀಜನ್ ಆಫ್ ಡೀಸೆನ್ಸಿ ಎಂಬ ಸಂಘಟನೆ ಕಟ್ಟಿ, ಕೆಟ್ಟದೆಂದು ಪಟ್ಟಿ ಮಾಡಿದ ಸಿನಿಮಾ ನೋಡುವುದಿಲ್ಲ ಎಂದು ಗುಡಿಯಲ್ಲೇ ಪ್ರತಿಜ್ಞೆ ಮಾಡುತ್ತಿದ್ದರು. 1936ರಲ್ಲಿ ಪೋಪ್ ಹನ್ನೊಂದನೇ ಪಯಸ್ ಸಿನಿಮಾ ಕುರಿತು ಬರೆದ ವಿಶ್ವಪತ್ರದಲ್ಲಿ (ಪೋಪ್ ಇಡೀ ಧರ್ಮಸಭೆಗೆ ಬರೆಯುವ ಪತ್ರ) ಅದನ್ನು ಮೆಚ್ಚಿದರು. ಸಿನಿಮಾಕ್ಕೆ ಆ ಕ್ರಮ ಒಗ್ಗುತ್ತದೆ. ಮನೆ ಬಿಟ್ಟು ಹೊರಡಬೇಕು, ದುಡ್ಡು ಕೊಟ್ಟು ಟಿಕೆಟ್ ಕೊಳ್ಳಬೇಕು. ಬೇಡ ಎನ್ನಲು ಅಲ್ಲಿ ಒಂದು ಬಾಗಿಲಿದೆ. ಟಿ.ವಿ. ಮನೆಯೊಳಗೇ ಕೂತಿರುತ್ತದೆ, ಆದ್ದರಿಂದ ಅದರ ಪ್ರಶ್ನೆಯೇ ಬೇರೆ ಎಂಬುದನ್ನು ಹನ್ನೆರಡನೇ ಪಯಸ್ 1957ರಲ್ಲೇ ಸಿನಿಮಾ, ರೇಡಿಯೊ, ಟಿ.ವಿ. ಮೂರನ್ನೂ ಕುರಿತ ವಿಶ್ವಪತ್ರದಲ್ಲಿ ಗುರುತಿಸಿದ್ದರು. ಮರುವರ್ಷ ಅಸ್ಸಿಸಿಯ ಸಂತ ಕ್ಲಾರಾರನ್ನು ಟಿ.ವಿ.ಯ ಪಾಲಕ ಸಂತಳೆಂದು ಸಾರಿದವರೂ ಅವರೇ. ಕಾಯಿಲೆ ಬಿದ್ದು ಕ್ರಿಸ್ತಜಯಂತಿಯ ಪೂಜೆಗೆ ಹೋಗಲಾಗದ ಆಕೆಗೆ ಮಲಗಿದ್ದಲ್ಲಿಂದಲೇ ಅದು ಕಂಡು ಕೇಳಿಸಿತೆಂಬ ಐತಿಹ್ಯ ಅದರ ಹಿಂದಿದೆ.

ಚೀಟಿಯಲ್ಲಿ ಇನ್ನೊಂದು ದೋಷವಿತ್ತು, ಅದು ಗಂಭೀರವಾದದ್ದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ ವಿಧಿ 1191ರ ಪ್ರಕಾರ ಹರಕೆ ಎಂದರೆ ತಿಳಿದು, ಸ್ವಂತ ಮನಸ್ಸಿನಿಂದ ದೇವರಿಗೆ ಕೊಟ್ಟ ಮಾತು. ಅದನ್ನು ನಡೆಸುವುದು ಧಾರ್ಮಿಕ ಕರ್ತವ್ಯ. ವಿಧಿ 1193ರ ಪ್ರಕಾರ ಹರಕೆ ಹೊತ್ತವರನ್ನು ಮಾತ್ರ ಅದು ಕಟ್ಟುತ್ತದೆ. ಯಜಮಾನರು ಸಹಿ ಹಾಕಿ ಹೆಂಡತಿ, ಅತ್ತೆ, ಮಕ್ಕಳನ್ನು ಹರಕೆಗೆ ಕಟ್ಟಿಹಾಕಲು ಬರುವುದಿಲ್ಲ. ಇದನ್ನು ಯಾರೂ ವಿವರಿಸದ ಕಾರಣ, ಎರಡನೇ ವಾರದಲ್ಲಿ ಒಂದು ಕಂತು ನೋಡಿದ ಅಜ್ಜಿಯೊಬ್ಬರು ದೇವರಿಗೆ ಕೊಟ್ಟ ಮಾತು ಮುರಿದೆನೆಂದು ಹಾಸಿಗೆ ಹಿಡಿದು ಅತ್ತರು. ಅವರು ಕೊಡದೇ ಇದ್ದ ಮಾತಿಗೆ ಪಟ್ಟ ಸಂಕಟ ಅದು. ತಪಸ್ಸುಕಾಲದಲ್ಲಿ ಏನನ್ನಾದರೂ ಬಿಡಿ ಎಂದು ಕೇಳುವ ಯಾವ ಧರ್ಮಕೇಂದ್ರವೂ ಹರಕೆಯ ಭಾಷೆಯನ್ನು ಬಳಸಬಾರದು. ಸಂಕಲ್ಪ ಎನ್ನಿ, ಪ್ರತಿಯೊಬ್ಬರೂ ತಮ್ಮದನ್ನು ತಾವೇ ಮಾಡಿಕೊಳ್ಳಲಿ.

ಎಲ್ಲಿ ಕುಸಿಯಿತು

ದಾನದ ಲೆಕ್ಕ ಮೊದಲು ಬಿತ್ತು. ಡಿಟಿಎಚ್ ಹಣ ಮುಂಗಡ. ಆರು ತಿಂಗಳಿಗೋ ವರ್ಷಕ್ಕೋ ತುಂಬಿದವರಿಗೆ ನಲವತ್ತು ದಿನ ಆರಿಸಿದರೆ ಒಂದು ರೂಪಾಯಿಯೂ ಉಳಿಯದು. ಚಾನೆಲ್ ಬಿಟ್ಟರೂ ಅಷ್ಟೆ. ಪ್ಯಾಕಿನಲ್ಲಿ ಸೇರುವ ಒಂದು ಪೇ ಚಾನೆಲ್‌ನ ಬೆಲೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಹಾಕಿದ ಮಿತಿ ತಿಂಗಳಿಗೆ 19 ರೂಪಾಯಿ. ಶೇ 18 ಜಿಎಸ್‌ಟಿ ಸೇರಿದರೆ 22 ರೂಪಾಯಿ 42 ಪೈಸೆ. ನಲವತ್ತು ದಿನಕ್ಕೆ ಸುಮಾರು ಮೂವತ್ತು ರೂಪಾಯಿ. ಜನ ಡಬ್ಬಿಗೆ ಬೇರೆ ದುಡ್ಡು ಹಾಕಿದರು, ಒಳ್ಳೆಯದೇ. ಆದರೆ ತ್ಯಾಗಕ್ಕೂ ದಾನಕ್ಕೂ ಚೀಟಿ ಹೇಳಿದ ಸಂಬಂಧ ನಿಜವಾಗಿರಲಿಲ್ಲ.

ಎರಡನೆಯದು ಮೊಬೈಲ್. ಮಲೆನಾಡಿನ ಮಳೆಗಾಲದಲ್ಲಿ ದಟ್ಟ ಮಳೆಹನಿಗಳು ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ಸಂಕೇತವನ್ನು ಹೀರಿಬಿಡುತ್ತವೆ, ಚಿತ್ರ ಚೌಕಚೌಕವಾಗಿ ಒಡೆದು ನಿಂತುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೀಗಾಗುವುದರಿಂದ ನೆಟ್‌ವರ್ಕ್ ಸಿಗುವ ಮನೆಗಳು ಚಾನೆಲ್‌ಗಳ ಆ್ಯಪ್‌ಗೆ ಆಗಲೇ ಒಗ್ಗಿಕೊಂಡಿದ್ದವು. ಟಿ.ವಿ. ಆರಿತು, ಅದೇ ಕಂತು ಕೋಣೆಯೊಳಗೆ ಹೆಡ್‌ಫೋನಿನಲ್ಲಿ ಓಡಿತು. ಒಟ್ಟಿಗೆ ಕೂತು ನೋಡುತ್ತಿದ್ದ ಮನೆ ಒಬ್ಬೊಬ್ಬರಾಗಿ ನೋಡುವ ಮನೆಯಾಯಿತು. ನಿಷೇಧದಿಂದ ಆದ ನಿಜವಾದ ಕೇಡು ಇದೇ ಎಂಬುದು ನಮ್ಮ ತೀರ್ಮಾನ. ಜಗಲಿಯ ಟಿ.ವಿ.ಯಲ್ಲಿ ಕೆಟ್ಟ ದೃಶ್ಯ ಬಂದಾಗ ಅಜ್ಜಿ ಥೂ ಅನ್ನುತ್ತಿದ್ದರು, ಮೊಮ್ಮಗಳು ನಗುತ್ತಿದ್ದಳು, ಸೊಸೆ ರಿಮೋಟ್ ಹುಡುಕುತ್ತಿದ್ದಳು. ಆ ಥೂ ಎಂಬ ಮಾತಿನಲ್ಲಿ ಒಂದು ನೈತಿಕ ಪಾಠವಿತ್ತು. ಹೆಡ್‌ಫೋನಿನಲ್ಲಿ ಅದಕ್ಕೆ ಜಾಗವಿಲ್ಲ.

ಮೂರನೆಯದು ಹೆಂಗಸರ ಸಂಜೆ. ಫೆಬ್ರವರಿಯಲ್ಲಿ ಅಡಿಕೆಯ ಕೊನೆಯ ಕೊಯ್ಲು ಇನ್ನೂ ಮುಗಿದಿರಲಿಲ್ಲ. ಕೊಯ್ದ ಹಸಿರಡಿಕೆಯನ್ನು ಒಂದೆರಡು ದಿನದಲ್ಲಿ ಸುಲಿದು ಬೇಯಿಸಬೇಕು, ಮುಂದೂಡಲು ಬರುವುದಿಲ್ಲ. ಸಂಜೆ ಆರೂವರೆಯಿಂದ ಒಂಬತ್ತೂವರೆಯವರೆಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತವರಿಗೆ ಟಿ.ವಿ.ಯೇ ಜೊತೆ. ಸುಲಿಯಲು ಬರುವ ಅಕ್ಕಪಕ್ಕದ ಹಿಂದೂ ಹೆಂಗಸರೂ ಅದನ್ನೇ ನೆಚ್ಚಿಕೊಂಡು ಬರುತ್ತಾರೆ. ಬಾಯಮ್ಮನ (ಕ್ರೈಸ್ತ ಮನೆಯೊಡತಿಯನ್ನು ನೆರೆಯವರು ಕರೆಯುವುದು ಹೀಗೆ) ಮನೆ ಟಿ.ವಿ. ಹಾಳಾಯಿತೇ ಎಂದು ಅವರು ಮೊದಲ ದಿನ ಕೇಳಿದರು, ನಾಲ್ಕನೇ ದಿನದಿಂದ ಬೇರೆ ಮನೆಗೆ ಹೋದರು. ಸುಲಿಯುವ ಕೈ ಕಡಿಮೆಯಾಯಿತು. ಇತ್ತ ಗಂಡಸರ ವಾರ್ತೆಗೆ ವಿನಾಯಿತಿ ಇದ್ದೇ ಇತ್ತು. ಮಾರ್ಚ್ 22ಕ್ಕೆ ಐಪಿಎಲ್ ಶುರುವಾದಾಗ ಅದೂ ವಾರ್ತೆಯ ಲೆಕ್ಕಕ್ಕೆ ಸೇರಿತು. ಪಾಸ್ಖದ ಹಿಂದಿನ ಭಾನುವಾರವಾದ ಗರಿಗಳ ಭಾನುವಾರಕ್ಕೆ ಆಗ ಇನ್ನೆರಡು ದಿನ. ಮಾರ್ಚ್ 29, ಶುಭ ಶುಕ್ರವಾರದ (ಗುಡ್ ಫ್ರೈಡೆ) ರಾತ್ರಿ, ಬೆಂಗಳೂರಿನಲ್ಲಿ ಆರ್‌ಸಿಬಿಗೆ ಕೋಲ್ಕತ್ತದ ಜೊತೆ ಪಂದ್ಯವಿತ್ತು. ಧಾರಾವಾಹಿ ಬಿಟ್ಟ ಹೆಂಗಸರು ಆ ರಾತ್ರಿ ಗಂಡಸರು ಪಂದ್ಯ ನೋಡುವುದನ್ನು ನೋಡಿದರು. ಸಮಿತಿಯ ಮೇಲೆ ಉಳಿದಿದ್ದ ನಂಬಿಕೆ ಅಲ್ಲಿಗೆ ಹೋಯಿತು.

ತಪಸ್ಸುಕಾಲದ ನಿಯಮ ಯಾರ ಮೇಲೆ ಎಷ್ಟು ಭಾರ ಹಾಕುತ್ತದೆ ಎಂದು ಮೊದಲೇ ನೋಡಬೇಕು. ಮಾಂಸ ಬಿಡುವ ವಿಷಯದಲ್ಲಿ ಧರ್ಮಸಭೆ ಇದನ್ನು ಎಚ್ಚರದಿಂದ ಮಾಡಿದೆ. ಹದಿನಾಲ್ಕು ತುಂಬಿದವರಿಗೆ ಮಾಂಸವರ್ಜನೆ, ಹದಿನೆಂಟು ತುಂಬಿದವರಿಂದ ಅರವತ್ತರ ಹೊಸ್ತಿಲವರೆಗಿನವರಿಗೆ ಉಪವಾಸ. ಟಿ.ವಿ. ಚೀಟಿಯಲ್ಲಿ ಅಂಥ ಯಾವ ವಿವೇಚನೆಯೂ ಇರಲಿಲ್ಲ.

ಪೇಟೆಯ ಮಾಂಸ ಮತ್ತು ಬಯಲಾಟದ ರಾತ್ರಿ

2024ರ ಪಾಸ್ಖ ಹಬ್ಬದ ನಂತರ ನಡೆದ ಪರಿಶೀಲನಾ ಸಭೆಯಲ್ಲಿ ಒಬ್ಬರು ಬೇರೆಯೇ ಪ್ರಶ್ನೆ ಎತ್ತಿದರು. ಹೊತ್ತು ಹಾಳಾಗುವುದು ಒಂದು ಮಾತು. ಆದರೆ ದೇವಿಯ ಧಾರಾವಾಹಿ, ವ್ರತ, ತಾಯಿತ, ವಾಮಾಚಾರ ತುಂಬಿದ ಕಥೆಗಳನ್ನು ಕ್ರೈಸ್ತರು ದಿನಾ ನೋಡುವುದು ಬೇರೆ ದೇವರನ್ನು ಆರಾಧಿಸಬೇಡ ಎನ್ನುವ ಮೊದಲನೇ ಆಜ್ಞೆಗೆ ವಿರೋಧವಲ್ಲವೇ? ಸಭೆ ಬಿಸಿಯಾಯಿತು. ನಮಗಿದು ಇಡೀ ಪ್ರಕರಣದ ತಿರುಳು.

ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯಗಳಲ್ಲಿ ಇದೇ ಬಗೆಯ ಜಗಳವನ್ನು ಬಗೆಹರಿಸುತ್ತಾನೆ. ವಿಗ್ರಹಗಳಿಗೆ ಅರ್ಪಿಸಿದ ಮಾಂಸ ಕೊರಿಂಥದ ಪೇಟೆಯಲ್ಲಿ ಮಾರಾಟಕ್ಕೆ ಬರುತ್ತಿತ್ತು. ತಿನ್ನಬಹುದೇ? ಅವನ ಉತ್ತರಕ್ಕೆ ಮೂರು ಪದರ. ಪೇಟೆಯಲ್ಲಿ ಸಿಕ್ಕಿದ್ದನ್ನು ಕೆದಕದೆ ತಿನ್ನಿ (10:25). ಆದರೆ ನಾನು ತಿನ್ನುವುದರಿಂದ ಮನಸ್ಸು ಗಟ್ಟಿಯಿಲ್ಲದ ಸಹೋದರ ಎಡವುವುದಾದರೆ ನಾನು ತಿನ್ನುವುದಿಲ್ಲ (8:13). ಆರಾಧನೆಯ ಪಂಕ್ತಿಯಲ್ಲೇ ಕೂರುವುದು ಮಾತ್ರ ಸಲ್ಲ (10:21).

ಮಲೆನಾಡಿನ ಕ್ರೈಸ್ತರು ಈ ಮೂರು ಪದರಗಳನ್ನು ಪತ್ರ ಓದದೆಯೂ ಬಾಳಿದ್ದಾರೆ. ಇಲ್ಲಿನ ಹಿರಿಯರು ರಾತ್ರಿಯಿಡೀ ಯಕ್ಷಗಾನ ಬಯಲಾಟ ನೋಡಿ ಬೆಳೆದವರು. ಕೃಷ್ಣ, ಭೀಷ್ಮ, ಕರ್ಣರ ಕಥೆ ಬಾಯಿಗೆ ಬರುತ್ತದೆ. ಸಾಗರದ ಮಾರಿಕಾಂಬಾ ಜಾತ್ರೆಗೆ ಹೋಗುತ್ತಾರೆ, ಮಿಠಾಯಿ ತರುತ್ತಾರೆ, ನೆಂಟರಂಥ ನೆರೆಯವರನ್ನು ಮಾತಾಡಿಸುತ್ತಾರೆ. ಪೂಜೆಯ ಹೊತ್ತಿನಲ್ಲಿ ಎಲ್ಲಿ ನಿಲ್ಲಬೇಕು ಎಂಬುದು ಅವರಿಗೆ ಗೊತ್ತು. ಬಯಲಾಟ ಬಿಡಿ ಎಂದು ಇಲ್ಲಿ ಯಾವ ಫಾದರೂ ಹೇಳಿದ್ದಿಲ್ಲ. ಅಥೇನ್ಸಿನಲ್ಲಿ ಪೌಲನೂ ಗ್ರೀಕ್ ಕವಿಯ ಸಾಲನ್ನೇ ಎತ್ತಿ ಮಾತಾಡಿದ (ಪ್ರೇಷಿತರ ಕಾರ್ಯಕಲಾಪಗಳು 17:28). ಹಾಗಿರುವಾಗ ನೆರೆಯವರ ದೇವರ ಕಥೆ ನೋಡುವುದನ್ನೇ ಪಾಪ ಎನ್ನುವುದು ನಮ್ಮ ಹಿರಿಯರ ಬದುಕಿಗೂ ಧರ್ಮಗ್ರಂಥಕ್ಕೂ ಹೊಂದುವುದಿಲ್ಲ.

ಬಯಲಾಟಕ್ಕೂ ಧಾರಾವಾಹಿಗೂ ಒಂದು ವ್ಯತ್ಯಾಸವಿದೆ, ಅದನ್ನು ಸಭೆ ಸರಿಯಾಗಿ ಹಿಡಿಯಿತು. ಬಯಲಾಟ ಒಂದು ರಾತ್ರಿಗೆ ಮುಗಿಯುತ್ತದೆ, ಪಾತ್ರಗಳು ಪುರಾಣದವು. ಧಾರಾವಾಹಿ ವರ್ಷಗಟ್ಟಲೆ ನಮ್ಮಂಥದ್ದೇ ಅಡುಗೆಮನೆಯನ್ನು ತೋರಿಸುತ್ತದೆ, ಅಲ್ಲಿ ಮಗುವಿನ ಜ್ವರಕ್ಕೆ ಯಾರೋ ಮಾಡಿಸಿದ ಮಾಟ ಕಾರಣ. ಒಂದು ಮನೆಯಲ್ಲಿ ಹೀಗೇ ಆಗಿತ್ತು. ಮಗು ಸೊರಗುತ್ತಿದೆ ಎಂದು ಓರಗಿತ್ತಿಯ ಮೇಲೆ ಸಂಶಯಪಟ್ಟು, ತಾಯಿತ ಕಟ್ಟಿಸಿ, ಆರೋಗ್ಯ ಕೇಂದ್ರಕ್ಕೆ ಹೋಗುವುದು ತಡವಾಗಿತ್ತು. ಕಥೆ ನೋಡುವುದು ಪೇಟೆಯ ಮಾಂಸ. ಆ ಕಥೆಯ ಭಯವನ್ನು ಮನೆಗೆ ತಂದು ಅದರ ಪ್ರಕಾರ ನಡೆಯತೊಡಗಿದರೆ ಪಂಕ್ತಿಯಲ್ಲಿ ಕೂತಂತೆ. ಗೆರೆ ಅಲ್ಲಿದೆ.

2025: ಏನು ಮಾಡಿದರು

ಆ ವರ್ಷ ವಿಭೂತಿ ಬುಧವಾರ ಮಾರ್ಚ್ 5ಕ್ಕೆ, ಪಾಸ್ಖ ಏಪ್ರಿಲ್ 20ಕ್ಕೆ. ಕೆಲಸ ಜನವರಿಯ ಕೊನೆಗೇ ಶುರುವಾಯಿತು.

ಮೊದಲು ಒಂದು ವಾರದ ದಿನಚರಿ ಹಾಳೆ. ನಾಲ್ಕು ಕಾಲಂ: ಹೊತ್ತು, ಏನು ಓಡುತ್ತಿತ್ತು, ಯಾರ್‍ಯಾರು ಇದ್ದರು, ಕೈ ಏನು ಮಾಡುತ್ತಿತ್ತು. ಹೆಸರು ಬರೆಯುವಂತಿಲ್ಲ, ಹಾಳೆ ಗುಡಿಗೆ ಒಪ್ಪಿಸುವಂತಿಲ್ಲ. ತುಂಬಿಸುವ ಕೆಲಸ ಮನೆಯ ಹೈಸ್ಕೂಲು ಮಕ್ಕಳದ್ದು, ಏಕೆಂದರೆ ದೊಡ್ಡವರು ನಾವು ಅಷ್ಟೇನೂ ನೋಡುವುದಿಲ್ಲ ಎಂದುಕೊಂಡಿರುತ್ತಾರೆ. ಹಾಳೆಯಲ್ಲಿ ಎರಡು ಸಂಗತಿ ಎದ್ದು ಕಂಡವು. ಯಾರೂ ನೋಡದೆಯೂ ಟಿ.ವಿ. ಓಡುವ ಹೊತ್ತು ಬಹಳವಿತ್ತು. ಮಕ್ಕಳು ಒಬ್ಬರೇ ನೋಡುವ ಹೊತ್ತು ಶಾಲೆ ಬಿಟ್ಟು ಬಂದಾಗಿನಿಂದ ದೀಪ ಹಚ್ಚುವವರೆಗೆ, ದೊಡ್ಡವರು ತೋಟದಲ್ಲಿರುವಾಗ.

ಆಮೇಲೆ ಪ್ರತಿಯೊಬ್ಬರೂ, ಗಂಡಸರೂ ಸೇರಿ, ತಮ್ಮ ಒಂದು ಅರ್ಧ ಗಂಟೆಯನ್ನು ತಾವೇ ಆರಿಸಿ ಬಿಡುವುದು. ಯಾವುದನ್ನು ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕು, ಬರೆದುಕೊಡಬೇಕಿಲ್ಲ. ವಾರ್ತೆಗೆ ವಿನಾಯಿತಿ ಇಲ್ಲ. ಬೊಬ್ಬೆ ಹೊಡೆಯುವ ಚರ್ಚೆಗಳನ್ನು ವಾರ್ತೆ ಎಂದು ಎಣಿಸುವುದು ಹೇಗಿದ್ದರೂ ತಪ್ಪು ಎಂದು ನಾವು ಭಾವಿಸುತ್ತೇವೆ.

ಮಣಿ ಎಣಿಸುತ್ತ ಹೇಳುವ ಜಪಸರದ (ರೋಜರಿ) ಹೊತ್ತನ್ನು ಧಾರಾವಾಹಿಯ ಎದುರು ನಿಲ್ಲಿಸಲಿಲ್ಲ. ಐದು ರಹಸ್ಯಗಳ, ಅಂದರೆ ಐದು ಧ್ಯಾನಭಾಗಗಳ, ಜಪಸರಕ್ಕೆ ಇಪ್ಪತ್ತು ನಿಮಿಷ ಸಾಕು, ಮಾತೆಯ ಪ್ರಾರ್ಥನಾಮಾಲೆ ಸೇರಿದರೆ ಇನ್ನೈದಾರು ನಿಮಿಷ. ಮೊದಲ ಧಾರಾವಾಹಿಗೆ ಮುಂಚೆ, ಆರು ಗಂಟೆಗೆ ದೀಪ ಹಚ್ಚಿದ ಕೂಡಲೇ ಎಂದು ಹೆಚ್ಚಿನ ಮನೆಗಳು ಗೊತ್ತು ಮಾಡಿಕೊಂಡವು. ಸುಲಿಯುವ ಮನೆಗಳಲ್ಲಿ ಕೈ ಅಡಿಕೆಯಲ್ಲಿರುವಾಗ ಒಬ್ಬರು ಮಣಿ ಹಿಡಿದು ನಡೆಸುತ್ತಾರೆ, ಉಳಿದವರು ಉತ್ತರಿಸುತ್ತಾರೆ. ಮೆಟ್ಟುಗತ್ತಿಯ ಮುಂದೆ ಕೂತು ಪ್ರಾರ್ಥಿಸುವುದು ಅಗೌರವವೆಂದು ಒಬ್ಬ ಗುರ್ಕಾರರು ಆಕ್ಷೇಪಿಸಿದರು. ದುಡಿಯುವ ಕೈಯ ಪ್ರಾರ್ಥನೆಗೆ ಧರ್ಮಸಭೆಯಲ್ಲಿ ಎಂದೂ ಅಡ್ಡಿಯಿರಲಿಲ್ಲ. ಫಾದರ್ ಒಪ್ಪಿದರು. ಅರ್ಧ ಗಂಟೆಯಲ್ಲಿ ಆರು ನಿಮಿಷ ಜಾಹೀರಾತೇ ಬರುತ್ತದೆ (ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಸಲ್ಲದೆಂದು ಕೇಬಲ್ ಟಿ.ವಿ. ನಿಯಮ), ಆ ಹೊತ್ತಿನಲ್ಲಿ ಒಂದೊಂದು ರಹಸ್ಯ ಮುಗಿಸಿದರಾಯಿತು ಎಂಬ ಸಲಹೆಯೂ ಬಂದಿತ್ತು. ಅದನ್ನು ಕೈಬಿಟ್ಟಿದ್ದು ಸರಿ. ದೇವರಿಗೆ ಜಾಹೀರಾತಿನ ಹೊತ್ತು ಕೊಡುವುದನ್ನು ಮಕ್ಕಳಿಗೆ ಕಲಿಸಬಾರದು.

ದಾನವನ್ನು ಕೇಬಲ್‌ನಿಂದ ಬಿಡಿಸಿ, ತಪಸ್ಸುಕಾಲದ ಏಳು ಶುಕ್ರವಾರ ಮೀನು ಮಾಂಸ ತಾರದೆ ನಿಜವಾಗಿ ಉಳಿದ ಹಣಕ್ಕೆ ಕಟ್ಟಿದರು. ಲೆಕ್ಕ ಕಣ್ಣಿಗೆ ಕಾಣುವಂತಾಯಿತು.

ನಾಲ್ಕು ಪ್ರಶ್ನೆಗಳು

ವಾರಕ್ಕೊಮ್ಮೆ, ಬುಧವಾರದ ಒಂದು ಕಂತನ್ನು ವಾಳೆಯವರೆಲ್ಲ ತಮ್ಮ ತಮ್ಮ ಮನೆಯಲ್ಲೇ ನೋಡುವುದು, ಗುರುವಾರದ ವಾಳೆ ಕೂಟದಲ್ಲಿ ಅರ್ಧ ಗಂಟೆ ಅದರ ಮೇಲೆ ಮಾತು. ಕಂತನ್ನು ಇಳಿಸಿಕೊಂಡು ಗುಡಿಯ ಸಭಾಂಗಣದಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸುವುದು ಬೇಡವೆಂದರು. ಅದು ಸಾರ್ವಜನಿಕ ಪ್ರದರ್ಶನವಾಗುತ್ತದೆ, ಅನುಮತಿ ಬೇಕು.

ಕೂಟದಲ್ಲಿ ಕೇಳುವ ಪ್ರಶ್ನೆ ನಾಲ್ಕೇ. ಈ ಕಥೆಯಲ್ಲಿ ಸಹಿಸು ಎಂದು ಯಾರಿಗೆ ಹೇಳುತ್ತಾರೆ, ಅದರಿಂದ ಲಾಭ ಯಾರಿಗೆ? ಈ ಮನೆಗೆ ದುಡ್ಡು ಎಲ್ಲಿಂದ ಬರುತ್ತದೆ, ದುಡಿಯುವವರು ಕಾಣುತ್ತಾರೆಯೇ? ಇಲ್ಲಿ ಪ್ರಾರ್ಥನೆ ಎಂದರೆ ಏನು, ಕೇಳಿದ್ದು ಸಿಗುವುದೇ ಅದರ ಪುರಾವೆಯೇ? ಈ ಹೆಂಗಸು ನಾಳೆ ನಮ್ಮ ಗುಡಿಗೆ ಬಂದರೆ ಯಾರ ಹತ್ತಿರ ಮಾತಾಡಬಹುದು?

ಮೊದಲ ಎರಡು ವಾರ ಕೂಟ ನೀರಸ. ಗುರ್ಕಾರರು ಪ್ರಶ್ನೆ ಓದುವುದು, ಎಲ್ಲರೂ ಫಾದರ್‌ಗೆ ಮೆಚ್ಚುಗೆಯಾಗುವ ಉತ್ತರ ಹೇಳುವುದು. ನಡೆಸುವ ಕೆಲಸವನ್ನು ದಿನಾ ನೋಡುವ ಹೆಂಗಸರಿಗೇ ಕೊಟ್ಟ ಮೇಲೆ ಮಾತು ಬಂತು. ಕಥೆ ಗೊತ್ತಿಲ್ಲದವರು ಧಾರಾವಾಹಿಯ ಚರ್ಚೆ ನಡೆಸಬಾರದು, ಇದು ಬೇರೆ ಧರ್ಮಕೇಂದ್ರಗಳೂ ಗಮನಿಸಬೇಕಾದ ಅಂಶ.

ಮೊದಲ ಪ್ರಶ್ನೆಗೆ ಬಂದ ಉತ್ತರ ಯಾರೂ ಎಣಿಸಿದ್ದಲ್ಲ. ಧಾರಾವಾಹಿಯ ಸೊಸೆ ಹೊಡೆತ, ಅವಮಾನ, ಸುಳ್ಳು ಎಲ್ಲವನ್ನೂ ನುಂಗುತ್ತಾಳೆ, ನುಂಗುವುದೇ ಅವಳ ಹಿರಿಮೆ. ಇದು ಸಿನಿಮಾದವರ ಕಲ್ಪನೆ ಎಂದು ತಳ್ಳಿಹಾಕುವ ಹೊತ್ತಿಗೆ ಒಬ್ಬ ತಾಯಿ, ನಮಗೆ ಗುಡಿಯಲ್ಲೂ ಇದನ್ನೇ ಹೇಳಿದ್ದಾರಲ್ಲ, ನಿನ್ನ ಶಿಲುಬೆ ನೀನು ಹೊರು ಅಂತ, ಎಂದರು. ಕೂಟ ಸುಮ್ಮನಾಯಿತು. ಯೇಸುಸ್ವಾಮಿ ಶಿಲುಬೆಯನ್ನು ತಾವಾಗಿ, ಇತರರ ಬಿಡುಗಡೆಗಾಗಿ ಹೊತ್ತವರು. ಕುಡಿದು ಹೊಡೆಯುವವನ ಕೈಗೆ ಮೈಯೊಡ್ಡಿ ಕೂರುವುದನ್ನು ಅದಕ್ಕೆ ಹೋಲಿಸುವುದು ಸುವಾರ್ತೆಗೆ ಮಾಡುವ ಅಪಚಾರ. ಮುಂದಿನ ಶುಕ್ರವಾರ, ಯೇಸುವಿನ ಯಾತನೆಯನ್ನು ಹಂತಹಂತವಾಗಿ ಧ್ಯಾನಿಸುವ ಶಿಲುಬೆ ಹಾದಿಯಲ್ಲಿ, ಹದಿನಾಲ್ಕು ಸ್ಥಳಗಳ ಪೈಕಿ ಎಂಟನೆಯದರಲ್ಲಿ, ಯೇಸು ಜೆರುಸಲೇಮಿನ ಮಹಿಳೆಯರೊಂದಿಗೆ ಮಾತಾಡುವಲ್ಲಿ, ಫಾದರ್ ಇದನ್ನೇ ಧ್ಯಾನಕ್ಕೆ ಎತ್ತಿಕೊಂಡರು. ಗುಡಿಯ ಸೂಚನಾ ಫಲಕದಲ್ಲಿ ಮಹಿಳಾ ಸಹಾಯವಾಣಿ 181, ತುರ್ತು ಸಂಖ್ಯೆ 112 ಬರೆಸಿದರು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರಿಂದ ಇದೆ, ರಕ್ಷಣಾಧಿಕಾರಿಯನ್ನು ಕಾಣಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಹೋಗಬೇಕು ಎಂಬುದನ್ನೂ ಸೇರಿಸಿದರು. ಒಂದು ಧಾರಾವಾಹಿಯನ್ನು ಸರಿಯಾಗಿ ನೋಡಿದ್ದರಿಂದ ಆದದ್ದು ಇದು. ಟಿ.ವಿ. ಆರಿಸಿದ್ದರೆ ಆಗುತ್ತಿರಲಿಲ್ಲ.

ಪರದೆಯ ಮೇಲಿನ ಕ್ರೈಸ್ತ ಪಾತ್ರಗಳ ಬಗ್ಗೆ ಯುವಕರಿಗೆ ಸಿಟ್ಟಿತ್ತು. ಗೌನು, ಬಾಟಲಿ, ಒಡಕು ಕನ್ನಡ, ಇಷ್ಟರಲ್ಲೇ ಕ್ರೈಸ್ತನೊಬ್ಬ ಮುಗಿದುಹೋಗುತ್ತಾನೆ. ದೂರಿಗೆ ದಾರಿಯಿದೆ. 2021ರ ತಿದ್ದುಪಡಿ ನಿಯಮಗಳಂತೆ ದೂರನ್ನು ಮೊದಲು ಚಾನೆಲ್‌ಗೇ ಬರೆಯಬೇಕು, ಅವರು 15 ದಿನದಲ್ಲಿ ಉತ್ತರಿಸಬೇಕು, ಒಪ್ಪಿಗೆಯಾಗದಿದ್ದರೆ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಕಾರ್ಯಕ್ರಮದ ಹೆಸರು, ದಿನಾಂಕ, ಹೊತ್ತು, ದೃಶ್ಯದ ವಿವರ ಬರೆದಿಡದೆ ಕಳಿಸಿದ ದೂರು ನಿಲ್ಲುವುದಿಲ್ಲ. ಪೂಜಾವಿಧಿಯ ತಪ್ಪು ಬೇರೆ, ಹೀಯಾಳಿಕೆ ಬೇರೆ. ಮೊದಲನೆಯದಕ್ಕೆ ತಿಳಿವಳಿಕೆಯ ಪತ್ರ ಸಾಕು.

ಮಕ್ಕಳು, ಮತ್ತು ರಾತ್ರಿಯ ಪ್ರಬೋಧಕರು

ದೆವ್ವದ ಧಾರಾವಾಹಿ ನೋಡಿ ಹೆದರಿ ಮಲಗದ ಮಕ್ಕಳಿಗೆ ಧರ್ಮೋಪದೇಶದ ತರಗತಿಯಲ್ಲಿ ಸಿಸ್ಟರ್ ಒಂದು ಉಪಾಯ ಹೇಳಿಕೊಟ್ಟರು. ಅದೇ ದೃಶ್ಯವನ್ನು ಹಗಲು ಹೊತ್ತು, ಅಮ್ಮನ ಜೊತೆ ಕೂತು, ಧ್ವನಿ ಪೂರ್ತಿ ತೆಗೆದು ಎರಡು ನಿಮಿಷ ನೋಡಿ. ಭಯದ ಹೆಚ್ಚಿನ ಪಾಲು ಶಬ್ದದಲ್ಲಿರುತ್ತದೆ. ಧ್ವನಿ ಹೋದರೆ ಬಣ್ಣ ಬಳಿದ ಮುಖ ಮತ್ತು ಹೊಗೆ ಉಳಿಯುತ್ತದೆ. ಐದು ವರ್ಷಕ್ಕಿಂತ ಚಿಕ್ಕವರಿಗೆ ಇದು ಬೇಡ, ಅವರಿಗೆ ತೋರಿಸದಿರುವುದೇ ದಾರಿ.

ಸೆಟ್‌ಟಾಪ್ ಬಾಕ್ಸಿನ ಮಕ್ಕಳ ಬೀಗ ಎಲ್ಲರ ಮನೆಯಲ್ಲೂ ಇತ್ತು, ಹಾಕಿದವರು ವಿರಳ. ಹಾಕಿದವರೂ ಕಂಪನಿ ಕೊಟ್ಟ 0000 ಅಥವಾ 1234 ಎಂಬ ಪಿನ್ ಬದಲಿಸಿರಲಿಲ್ಲ, ಮಕ್ಕಳಿಗೆ ಅದು ಮೊದಲೇ ಗೊತ್ತು. ಆ್ಯಪ್‌ಗಳಲ್ಲಿ 2021ರ ನಿಯಮಗಳ ನಂತರ ಯು, ಯು/ಎ 7+, 13+, 16+, ಎ ಎಂಬ ಗುರುತು ಬರುತ್ತದೆ. 13+ ಮತ್ತು ಮೇಲಿನದಕ್ಕೆ ಬೀಗದ ಸೌಲಭ್ಯ ಕೊಡಲೇಬೇಕು. ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿದರೆ ಸಾಲದು, ದೊಡ್ಡವರ ಪ್ರೊಫೈಲಿಗೂ ಪಿನ್ ಹಾಕಬೇಕು.

ಕ್ರೈಸ್ತ ಕಾರ್ಯಕ್ರಮ ಎಂದ ಮಾತ್ರಕ್ಕೆ ಎಲ್ಲವೂ ವಿಶ್ವಾಸಕ್ಕೆ ಪುಷ್ಟಿಯಲ್ಲ. ಮಲಯಾಳಿ ಮನೆಗಳಲ್ಲಿ ಶಾಲೋಮ್, ಗುಡ್‌ನೆಸ್ ವಾಹಿನಿಗಳ ಪೂಜೆ ಮತ್ತು ಧ್ಯಾನ ಹಾಸಿಗೆ ಹಿಡಿದವರಿಗೆ ದೊಡ್ಡ ಆಸರೆ. ಟಿ.ವಿ. ಪೂಜೆ ನೋಡಿದ ಅಜ್ಜನಿಗೆ ಪರಮಪ್ರಸಾದವನ್ನು (ಪೂಜೆಯಲ್ಲಿ ಅರ್ಪಿಸಿದ ರೊಟ್ಟಿ) ಮನೆಗೇ ತಲುಪಿಸುವ ವ್ಯವಸ್ಥೆ ಇದ್ದರೆ ಆ ಆಸರೆ ಪೂರ್ಣ. ಗಟ್ಟಿಮುಟ್ಟಾಗಿರುವವರಿಗೆ ಅದು ಭಾನುವಾರದ ಪೂಜೆಗೆ ಬದಲಾಗದು. ರಾತ್ರಿ ಹತ್ತರ ಮೇಲೆ ಬೇರೆಡೆ ಬರುವ ಕೆಲವು ಪ್ರಬೋಧಕರು ಹಾಗಲ್ಲ. ಪರದೆಯ ಮೂಲೆಯಲ್ಲಿ ಕ್ಯುಆರ್ ಕೋಡ್, ಬೀಜ ಕಾಣಿಕೆ ಹಾಕಿದರೆ ನೂರರಷ್ಟು ಬರುತ್ತದೆಂಬ ಮಾತು, ಎಣ್ಣೆ ಹಚ್ಚಿ ಮಾತ್ರೆ ಬಿಟ್ಟವರ ಸಾಕ್ಷಿ. ಗುಡಿಯಲ್ಲಿ ಓದಿದ ಎಚ್ಚರಿಕೆ ಚಿಕ್ಕದಾಗಿತ್ತು. ಹಣ ಕಳಿಸುವ ಮೊದಲು ಇವರು ಯಾವ ಸಭೆಗೆ ಲೆಕ್ಕ ಒಪ್ಪಿಸುತ್ತಾರೆಂದು ಕೇಳಿ. ಬಿಪಿ, ಸಕ್ಕರೆ ಕಾಯಿಲೆ, ಟಿ.ಬಿ.ಯ ಮಾತ್ರೆಯನ್ನು ಯಾವ ಪ್ರಾರ್ಥನೆಯ ಹೆಸರಿನಲ್ಲೂ ನಿಲ್ಲಿಸಬೇಡಿ. ನಿಷೇಧಿಸಬೇಕಾದ್ದು ಏನಾದರೂ ಇದ್ದರೆ ಧಾರಾವಾಹಿಗಿಂತ ಮೊದಲು ಇದು ಎಂದು ನಮಗನ್ನಿಸುತ್ತದೆ.

ಶುಭ ಶುಕ್ರವಾರದ ಪಂದ್ಯ, ಮದುವೆಯ ಹಾಡು

2025ರ ಶುಭ ಶುಕ್ರವಾರ, ಏಪ್ರಿಲ್ 18ರಂದು, ಮತ್ತೆ ಬೆಂಗಳೂರಿನಲ್ಲೇ ಆರ್‌ಸಿಬಿ ಪಂದ್ಯ, ಎದುರಾಳಿ ಪಂಜಾಬ್. ಸಮಿತಿ ಈ ಬಾರಿ ಏನನ್ನೂ ಹೇರಲಿಲ್ಲ. ಯುವಕರೇ ಕೂತು ತೀರ್ಮಾನಿಸಲಿ ಎಂದು ಬಿಟ್ಟಿತು. ಮಧ್ಯಾಹ್ನ ಮೂರಕ್ಕೆ ಯಾತನೆಯ ಆರಾಧನೆ, ಸಂಜೆ ಮೆರವಣಿಗೆ, ಆಮೇಲೆ ಗಂಜಿ ಮತ್ತು ಹೆಸರುಕಾಳಿನ ಪಲ್ಯ ಬಡಿಸುವ ಹೊಣೆಯನ್ನು ಯುವಕರು ವಹಿಸಿಕೊಂಡು, ಪಾತ್ರೆ ತೊಳೆದು ಮುಗಿಸುವವರೆಗೆ ಮೊಬೈಲ್ ಮುಟ್ಟುವುದಿಲ್ಲ ಎಂದರು. ಮಳೆಯಿಂದ ಪಂದ್ಯ ತಡವಾಗಿ, 14 ಓವರಿಗೆ ಇಳಿದು ನಡೆಯಿತು. ಕೆಲವರು ಮನೆಗೆ ಹೋಗಿ ನೋಡಿದರು, ಮುಚ್ಚಿಡಲಿಲ್ಲ. ಆ ದಿನ ಇಡೀ ರಾತ್ರಿ ಮೌನದಲ್ಲಿ ಕಳೆಯಬೇಕೆಂಬುದು ಹಿರಿಯರ ಮನಸ್ಸು, ನಮ್ಮದೂ ಅದೇ. ಆದರೂ 2024ರ ಕದ್ದು ನೋಡುವಿಕೆಗಿಂತ ಇದು ಮೇಲು.

ಮದುವೆ ಪೂಜೆಯಲ್ಲಿ ವಧು ಒಳಬರುವಾಗ ಸಿನಿಮಾ ಹಾಡು ಬೇಕೆಂಬ ಬೇಡಿಕೆ ಇಲ್ಲಿ ಪ್ರತಿ ಮೇ ತಿಂಗಳೂ ಏಳುತ್ತದೆ. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಎರಡು ದಸ್ತಾವೇಜುಗಳನ್ನು ಒಟ್ಟಿಗೆ ಹೊರಡಿಸಿತು. ಮಾಧ್ಯಮಗಳ ಕುರಿತದ್ದು ಸಿನಿಮಾ, ಟಿ.ವಿ.ಗಳನ್ನು ಬೆರಗಿನಿಂದ ಸ್ವಾಗತಿಸಿ, ಆಯ್ಕೆಯ ಹೊಣೆಯನ್ನು ನೋಡುವವರಿಗೆ, ಮಕ್ಕಳ ವಿಷಯದಲ್ಲಿ ಹೆತ್ತವರಿಗೆ ಹೊರಿಸುತ್ತದೆ. ಪೂಜಾವಿಧಿಯ ಕುರಿತದ್ದು ಗುಡಿಯೊಳಗಿನ ಹಾಡಿನ ಸಾಹಿತ್ಯ ಮುಖ್ಯವಾಗಿ ಧರ್ಮಗ್ರಂಥ ಮತ್ತು ಆರಾಧನೆಯಿಂದಲೇ ಬರಬೇಕು ಎನ್ನುತ್ತದೆ (121ನೇ ಅಂಶ). ಎರಡನ್ನೂ ಸೇರಿಸಿ ಓದಿದರೆ ಈ ಧರ್ಮಕೇಂದ್ರದ ಈಗಿನ ನಿಯಮ ಸರಿಯೆನಿಸುತ್ತದೆ. ಪೂಜೆಯ ಹಾಡುಗಳ ಪಟ್ಟಿಯನ್ನು ಮೂರು ವಾರ ಮೊದಲು ಫಾದರ್‌ಗೆ ತೋರಿಸಬೇಕು, ಸಿನಿಮಾ ಧಾಟಿಗೆ ಬೇರೆ ಸಾಹಿತ್ಯ ಕೂರಿಸಿದ್ದೂ ಪೂಜೆಯೊಳಗೆ ಬೇಡ. ಹೊರಗಿನ ಔತಣದಲ್ಲಿ ಸಿನಿಮಾ ಹಾಡಿಗೆ ಅಡ್ಡಿಯಿಲ್ಲ. ಧಾರ್ಮಿಕ ವಿಧಿ ಮತ್ತು ಮದುವೆ ಮೆರವಣಿಗೆಯಲ್ಲಿ ಹಾಡು ನುಡಿಸುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿನಾಯಿತಿ ಕೊಡುತ್ತದೆ. ಅದೇ ಹಾಡು ಕೇಳಿಸುವ ವಿಡಿಯೊವನ್ನು ಯೂಟ್ಯೂಬಿಗೆ ಏರಿಸಿದರೆ ಆ ವಿನಾಯಿತಿ ಜೊತೆಗೆ ಬರುವುದಿಲ್ಲ. ಧ್ವನಿ ಕಡಿತವಾಗುವುದು, ವಿಡಿಯೊ ತಡೆಹಿಡಿಯುವುದು ಅದಕ್ಕೇ.

ಬಗೆಹರಿಯದೆ ಉಳಿದದ್ದು ರೀಲ್ಸ್. ಗುರುವಾರದ ಕೂಟ ನಿಂತದ್ದು ಎಲ್ಲರೂ ಒಂದೇ ಕಂತು ನೋಡಿದ್ದಾರೆ ಎಂಬ ಆಧಾರದ ಮೇಲೆ. ರೀಲ್ಸ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬರುತ್ತದೆ, ಹಂಚಿಕೊಳ್ಳಲು ಸಾಮಾನ್ಯವಾದದ್ದೇ ಇಲ್ಲ. ಹದಿಹರೆಯದವರು ವಾರದಲ್ಲಿ ತಮಗೆ ಹೆಚ್ಚು ಸಲ ಬಂದ ಒಂದು ರೀಲನ್ನು ತಂದು ತೋರಿಸಿ, ಇದು ನನಗೇ ಏಕೆ ಬರುತ್ತಿದೆ ಎಂದು ಹೇಳುವ ಪ್ರಯತ್ನ ಎರಡು ವಾಳೆಗಳಲ್ಲಿ ನಡೆದಿದೆ. ಹೆತ್ತವರು ಕೂತಿರುವ ಕೂಟದಲ್ಲಿ ಯಾರೂ ನಿಜವಾದದ್ದನ್ನು ತೋರಿಸಲಿಲ್ಲ. ಸಿಸ್ಟರ್ ಒಬ್ಬರೇ ಇದ್ದ ಕೂಟದಲ್ಲಿ ತೋರಿಸಿದರು. 2026ರ ವಿಭೂತಿ ಬುಧವಾರ ಫೆಬ್ರವರಿ 18ಕ್ಕೆ ಬರುತ್ತದೆಂದು ಲೆಕ್ಕ ಹಾಕಿ, ದಿನಚರಿ ಹಾಳೆಯನ್ನು ಜನವರಿ ಮೂರನೇ ವಾರಕ್ಕೇ ಹಂಚುವುದು, ಅದಕ್ಕೆ ಯಾವ ಪರದೆ ಎಂಬ ಐದನೇ ಕಾಲಂ ಸೇರಿಸುವುದು, ಹದಿಹರೆಯದವರ ಕೂಟವನ್ನು ವಾಳೆಯಿಂದ ಬೇರ್ಪಡಿಸುವುದು ಎಂದು ಸಮಿತಿ ಬರೆದಿಟ್ಟಿದೆ.